ಎರಕದ ಫ್ಲೈವೀಲ್ ನಡೆಯೋದಿಲ್ಲ ಅಂದ್ರೆ ಹೆಂಗೆ?

ಪದ್ಮಿನಿ 79, ಬಳ್ಳಾರಿ:
ನಮ್ಮ ಹಳೇ ಗಾಡಿ ಗುಂಪಿನ ಮುಂದಿನ ಓಟಕ್ಕೆ ನಿಯಮದ ಕರಡು ಬಂದಿದೆ. ಹೆಲ್ಮೆಟ್, ಬೆಲ್ಟ್, ಬೆಂಕಿ ಆರಿಸೋ ಸಿಲಿಂಡರ್, ಎಲ್ಲಾ ಒಪ್ಪಿದೆ. ಕ್ಲಚ್ಚಿನ ಕಲಮು ಮಾತ್ರ ಗಂಟಲಲ್ಲಿ ಇಳೀತಿಲ್ಲ: ಎಂಜಿನ್ ಕೆಲಸ ಮಾಡಿಸಿದ ಗಾಡಿಗೆ ಎರಕದ ಕಬ್ಬಿಣದ ಫ್ಲೈವೀಲ್ (ಎಂಜಿನ್ ಹಿಂದೆ ಕ್ಲಚ್ ಕೂರೋ ಭಾರದ ಚಕ್ರ) ಬೇಡ, ಉಕ್ಕಿನದೇ ಬೇಕು, ಅದನ್ನ ಮುಚ್ಚೋ ಬೆಲ್ ಹೌಸಿಂಗ್ ಸುತ್ತ 6 ಮಿ.ಮೀ. ಉಕ್ಕಿನ ಕವಚ ಕಡ್ಡಾಯ. ನನ್ನದು 1089 ಸಿಸಿ. ಅಮೆರಿಕದ ಡ್ರ್ಯಾಗ್ ರೇಸಿನವರ ಟೋಪಿ ತಂದು ಪದ್ಮಿನಿ ತಲೆಗೆ ಇಟ್ಟಂಗಿದೆ. ಎಂಜಿನ್ ಸುತ್ತಿಗೆ ಮಿತಿ ಹಾಕೋ ರೆವ್ ಲಿಮಿಟರ್ ನಿಮಿಷಕ್ಕೆ 5500 ಸುತ್ತಿಗೆ ಇಟ್ಟಿದ್ದೀನಿ, ಇನ್ನೇನು ಬೇಕು?

ಸಿಂಧನೂರು ಡಬಲ್‌ಕ್ಲಚ್:
ಲಿಮಿಟರ್ ಕಿಡಿ ಕಡಿತೈತಿ ಅಣ್ಣಾ, ಗಾಲಿ ಹಿಡ್ಯಂಗಿಲ್ಲ. ಮೂರರಾಗ 5000 ಎಳದು ನಾಕಕ್ಕ ಹಾಕಾಕ ಹೋಗಿ ಎರಡಕ್ಕ ಬಿತ್ತು ಅನ್ಕೋ. ಸ್ಟೀರಿಂಗ್ ಗೇರಿನಾಗ ಇದು ಎಷ್ಟೊತ್ತಿನ ಮಾತು? ಕ್ಲಚ್ ಬಿಟ್ಟ ಕೂಡ್ಲೇ ಗಾಲಿನೇ ಎಂಜಿನ್ನನ್ನ 7500ಕ್ಕ ಎಳ್ಕೊಂಡು ಹೋಗ್ತಾವು. ಕ್ಲಚ್ ತುಳದ ಹಿಡದಿದ್ದಿ ಅಂದ್ರ ಫ್ಲೈವೀಲ್ ಉಳೀತೈತಿ, ಆದ್ರ ಪ್ಲೇಟ್ ಗೇರ್‌ಬಾಕ್ಸಿನ ಕೂಡ ತಿರಗ್ತಿರ್ತೈತಿ, ಲೈನಿಂಗ್ ಕಿತ್ತು ಹಾರತೈತಿ.

ಹೆರಾಲ್ಡ್ ಪ್ರಿಯ, ರಾಯಚೂರು:
ಅಸಲಿ ಭಾಗ ತೆಗೆದು ಹೊಸ ಉಕ್ಕು ತುಂಬಿದರೆ ಅದು ಹಳೇ ಗಾಡಿ ಹೇಗಾಗುತ್ತೆ? ನನ್ನ ಹೆರಾಲ್ಡ್ ಕಾರಿನ ಒಂದೊಂದು ನಟ್ಟೂ ಹುಡುಕಿ ಜೋಡಿಸಿದ್ದು.

ಕೌಲ್‌ಬಜಾರ್ ಹುಡ್ಗ:
ಫ್ಲೈವೀಲನ್ನ ಯಾರು ನೋಡ್ತಾರೆ ಸಾರ್, ಎಕ್ಸಿಬಿಷನ್‌ಗಾ ಇಟ್ಟಿದ್ದೀರ? ಅಂದಹಾಗೆ 2021ರ ಕೇಂದ್ರದ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳೋಕೆ ನೋಂದಣಿಯಾಗಿ 50 ವರ್ಷ ದಾಟಿರಬೇಕು. 79ರ ಅಣ್ಣನ ಗಾಡಿ ಇನ್ನೂ ಹುಡುಗಿ 😄

ಲೇತ್ ಮಾವ, ಗಿಣಿಗೇರಿ:
ನಗೋದು ಆಮ್ಯಾಲ. ಮೊದಲು ಲೆಕ್ಕ ಕೇಳ್ರಿ. ಸುತ್ತು 5000ದಿಂದ 7000ಕ್ಕ ಏರಿದ್ರ ಫ್ಲೈವೀಲನ್ನ ಹರಿಯೋ ಎಳತ ಹೆಚ್ಚುಕಮ್ಮಿ ಎರಡು ಪಟ್ಟು ಆಗತೈತಿ, ಯಾಕಂದ್ರ ಅದು ವೇಗದ ವರ್ಗದ ಲೆಕ್ಕ. 28 ಸೆಂ.ಮೀ. ಅಡ್ಡಳತೆಯ ಚಕ್ರ 7000ದಾಗ ತಿರುಗಿದ್ರ ಅಂಚಿನ ವೇಗ ತಾಸಿಗೆ 370 ಕಿ.ಮೀ. ಹತ್ರ. ಆ ವೇಗದಾಗ ಅರ್ಧ ಕಿಲೋ ಚೂರು ಹಾರಿತಂದ್ರ, ಎಂಟೊಂಬತ್ತು ಅಂತಸ್ತಿನ ಮ್ಯಾಲಿಂದ ಹತ್ತು ಕಿಲೋ ಕಲ್ಲು ಬಿದ್ದಷ್ಟು ಹೊಡೆತ. ನಿಮ್ಮ ಕಾಲು ಅದರ ಪಕ್ಕದಾಗ ಇರತಾವ.

ಹಂಗಂತ ಎರಕದ್ದು ತಾನಾಗೇ ಒಡೀತೈತಿ ಅನ್ನಂಗಿಲ್ಲ. ಬಿರುಕಿಲ್ಲದ ಗಟ್ಟಿ ಎರಕ ಈ ಎಳತ ತಡೀತೈತಿ. ಬಿರುಕು ಬಿಟ್ಟಿದ್ದು ತಡ್ಯಂಗಿಲ್ಲ, ಉಕ್ಕಿನಂಗ ಬಾಗಿ ಹೇಳಂಗೂ ಇಲ್ಲ, ನೇರ ಸಿಡೀತೈತಿ. ಬಳ್ಳಾರಿ ಬ್ಯಾಸಿಗಿ 40 ಡಿಗ್ರಿ, ಅದರಾಗ ಕ್ಲಚ್ ಜಾರಿಸಿ ಜಾರಿಸಿ ಹೊರಡೋದು. ಮುಖ ನೀಲಿ ತಿರುಗಿ ಕೂದಲೆಳೆಯಂಥ ಗೀರು ಬೀಳತಾವು.

ನನ್ನ ಕೈಲೇ ಆದ ತಪ್ಪು ಹೇಳ್ತೀನಿ. ಗೆಳೆಯನ ಅಂಬಾಸಡರ್ ಫ್ಲೈವೀಲ್ ಹಗುರ ಮಾಡ್ರಿ ಅಂದ, ಮಾಡಿದೆ. ಅಂಚಿನಾಗ ತೆಗೆದಿದ್ರ ಆಗ್ತಿತ್ತು. ಬೋಲ್ಟಿನ ಸುತ್ತಲ ಹೆಗಲಿನಾಗೂ ಉಳಿ ಹಾಕಿ ಚೂಪು ಮೂಲೆ ಬಿಟ್ಟೆ, ದುಂಡಗ ಮಾಡಲಿಲ್ಲ. ಮುಂದಿನ ವರ್ಷ ಬಿಚ್ಚಿ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ ಹತ್ತು ನಿಮಿಷ ಬಿಟ್ಟೆ. ಆ ಮೂಲೆಗುಂಟ ಬಿಳಿ ಪುಡಿ ಮ್ಯಾಲ ಬಿರುಕಿನಾಗಿಂದ ಎದ್ದ ಎಣ್ಣೆ ಗೆರಿ ಅರ್ಧ ಸುತ್ತು ಮೂಡಿತ್ತು. ಬಳೆ ಅರ್ಧ ಬಿಟ್ಟಂಗ. ಆ ಚಕ್ರ ಇನ್ನೂ ಅಂಗಡ್ಯಾಗ ತೂಗು ಹಾಕೀನಿ.

ಪದ್ಮಿನಿ 79, ಬಳ್ಳಾರಿ:
ಸರಿ ಮಾವ, ಪರೀಕ್ಷೆ ಒಪ್ಪಿದೆ. ಕವಚ ಯಾಕೆ? ಅಮೆರಿಕದಲ್ಲಿ ಎಸ್‌ಎಫ್‌ಐ ಅನ್ನೋ ರೇಸ್ ಸುರಕ್ಷತಾ ಸಂಸ್ಥೆಯ 1.1 ಅಂತ ಫ್ಲೈವೀಲ್-ಕ್ಲಚ್ಚಿಗೆ ಒಂದು ಮುದ್ರೆ, 6.1 ಅಂತ ಬೆಲ್ ಹೌಸಿಂಗಿಗೆ ಇನ್ನೊಂದು. ಪದ್ಮಿನಿಗೆ ಆ ಮುದ್ರೆಯ ಮಾಲು ಎಲ್ಲಿ ತರಲಿ?

ಸಿಂಧನೂರು ಡಬಲ್‌ಕ್ಲಚ್:
ಮುದ್ರೆ ಬ್ಯಾಡ, ಉಕ್ಕು ಬೇಕು. ತೋರಣಗಲ್ಲಿನಾಗ ಉಕ್ಕು ಸುರೀತೈತಿ, ನೀ ಅಮೆರಿಕಾ ಅಂತೀದಿ.

ಲೇತ್ ಮಾವ, ಗಿಣಿಗೇರಿ:
ಕವಚಾನ ಬೆಲ್ ಹೌಸಿಂಗಿಗೇ ಬಿಗಿಬ್ಯಾಡ್ರಿ, ಅದು ಒಡದ್ರ ಕವಚಾನೂ ಅದರ ಜೊತಿ ಹೋಗತೈತಿ. ಬಾಡಿಗೆ ಬಿಗೀರಿ. ಕಾಲಿನ ಕಡೆ ಮುಚ್ಚಿದ್ರ ಸಾಲಂಗಿಲ್ಲ, ಪೆಟ್ರೋಲ್ ಪೈಪ್, ಬ್ರೇಕ್ ಪೈಪ್ ಹೋಗೋ ಕಡೇನೂ ನೋಡ್ರಿ.

ಹೆರಾಲ್ಡ್ ಪ್ರಿಯ, ರಾಯಚೂರು:
ಎಂಜಿನ್ ಕೆಲಸ ಮಾಡಿಸದ ಗಾಡಿಗೆ ವಿನಾಯಿತಿ ಇದೆ ತಾನೆ? ನಾನು ಹಾಗೇ ಓಡಿಸ್ತೀನಿ. ಕೊನೇ ಸ್ಥಾನ ಬಂದರೂ ಚಿಂತೆ ಇಲ್ಲ.

ಪದ್ಮಿನಿ 79, ಬಳ್ಳಾರಿ (ನಾಲ್ಕು ದಿನದ ಮೇಲೆ):
ನಿನ್ನೆ ರಾತ್ರಿ ಗೇರ್‌ಬಾಕ್ಸ್ ಇಳಿಸಿದೆ. ಸಂತೇಲಿ ಗಡಿಗೆ ಬಡಿದು ನೋಡೋ ಹಾಗೆ ಫ್ಲೈವೀಲ್ ತೂಗಿ ಬಡಿದೆ, ಠಣ್ ಅಂತು. ಸೀಮೆಸುಣ್ಣದಲ್ಲೂ ಗೆರೆ ಇಲ್ಲ. ಗೆದ್ದೆ ಅಂತ ಬರೆಯೋಕೆ ಫೋನ್ ತೆಗೆದೆ. ಆಮೇಲೆ ತಟ್ಟೆಯಲ್ಲಿದ್ದ ಬೋಲ್ಟ್ ತೊಳೆದು ನೋಡಿದರೆ ಎಲ್ಲದರ ತಲೆ ಮೇಲೂ 10.9 ಅಂತ ಗಟ್ಟಿ ಉಕ್ಕಿನ ದರ್ಜೆ ಗುರುತು ಇದೆ, ಒಂದರ ತಲೆ ಮಾತ್ರ ಬೋಳು. ಹಿಂದೆ ಕ್ಲಚ್ ಮಾಡಿದ ಪುಣ್ಯಾತ್ಮ ಹಾರ್ಡ್‌ವೇರ್ ಅಂಗಡಿಯಿಂದ ತಂದು ಬಿಗಿದಿದ್ದಾನೆ. ಅದೇ ಬೋಲ್ಟಲ್ಲಿ ಮೂರು ಓಟ ಓಡಿಸಿದ್ದೀನಿ.

ಲೇತ್ ಮಾವ, ಗಿಣಿಗೇರಿ:
ಹಳೇವು ಒಂದೂ ತಿರುಗಿ ಹಾಕಬ್ಯಾಡ. ಶುಕ್ರವಾರ ಕರೆಂಟ್ ಇರಂಗಿಲ್ಲ, ಶನಿವಾರ ಬಾ. ಬರಾಗ ಕವಚಕ್ಕ ರಟ್ಟಿನಾಗ ಅಳತಿ ಕತ್ತರಿಸ್ಕೊಂಡು ಬಾ.

ಪದ್ಮಿನಿ 79, ಬಳ್ಳಾರಿ:
ಕವಚ ಒಪ್ಪಿದೆ ಅಂತ ನಾನಿನ್ನೂ ಹೇಳಿಲ್ಲ. ರಟ್ಟು ತರ್ತೀನಿ.