ಸಹಾಯ ಬೇಕು: ಶ್ವಾಸಕೋಶದ ಬಿಪಿಗೆ ಆಕ್ಸಿಡೇಟಿವ್ ಸ್ಟ್ರೆಸ್ ಕಾರಣವೋ, ಪರಿಣಾಮವೋ?

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನಿಗೆ ಪಲ್ಮನರಿ ಹೈಪರ್‌ಟೆನ್ಷನ್ ಇದೆ, ಅಂದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಜಾಸ್ತಿ. ಆರು ಮೆಟ್ಟಿಲು ಹತ್ತುವಷ್ಟರಲ್ಲಿ ಕಂಬಿ ಹಿಡಿದು ನಿಂತುಬಿಡುತ್ತಾಳೆ. ಕ್ಯಾತಿಟರ್ (ರಕ್ತನಾಳದೊಳಗೆ ತೂರಿಸುವ ತೆಳು ಕೊಳವೆ) ಹಾಕಿ ನೋಡಿದಾಗ ಅಲ್ಲಿನ ಸರಾಸರಿ ಒತ್ತಡ 48 ಎಂಎಂ ಎಚ್‌ಜಿ ಬಂತು. 20 ದಾಟಬಾರದಂತೆ. ಆ ನಾಳಗಳನ್ನು ಸಡಿಲಿಸುವ ಸಿಲ್ಡೆನಾಫಿಲ್ ಔಷಧಿ ಕೊಡುತ್ತಿದ್ದಾರೆ.

ರಿಪೋರ್ಟ್ ಬಂದಾಗಿನಿಂದ ಓದುತ್ತಲೇ ಇದ್ದೇನೆ. ಇಷ್ಟು ಅರ್ಥವಾಗಿದೆ: ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ, ಅದು ನಾಳವನ್ನು ಸಡಿಲವಾಗಿ ಇಡುತ್ತದೆ. ಸೂಪರ್‌ಆಕ್ಸೈಡ್ ಅನ್ನೋ ಆಮ್ಲಜನಕದ ಹಾನಿಕರ ರೂಪ ಹೆಚ್ಚಾದರೆ (ಇಂಥವು ಮಿತಿಮೀರುವುದೇ ಆಕ್ಸಿಡೇಟಿವ್ ಸ್ಟ್ರೆಸ್) ಎರಡೂ ಸೇರಿ ಪೆರಾಕ್ಸಿನೈಟ್ರೈಟ್ ಅನ್ನೋ ಇನ್ನೊಂದು ಹಾನಿಕರ ವಸ್ತು ಆಗಿಬಿಡುತ್ತದೆ. ಆಗ ನಾಳ ಬಿಗಿಯುತ್ತದೆ, ಗೋಡೆಯ ಸ್ನಾಯು ದಪ್ಪವಾಗುತ್ತದೆ. ಇನ್ನೂ ಕೆಟ್ಟದ್ದು ಅಂದರೆ, ನೈಟ್ರಿಕ್ ಆಕ್ಸೈಡ್ ಮಾಡಬೇಕಾದ ಕಿಣ್ವವೇ ಬಿಎಚ್4 ಅನ್ನೋ ಸಹಾಯಕ ವಸ್ತು ಕಡಿಮೆಯಾದಾಗ ಸೂಪರ್‌ಆಕ್ಸೈಡ್ ಮಾಡತೊಡಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ನಾನು ಸಿಕ್ಕಿಕೊಂಡಿರುವುದು ಇಲ್ಲೇ. ಹಾಗಾದರೆ ಇಂಥ ಹಾನಿ ತಡೆಯುವ ಆಂಟಿಆಕ್ಸಿಡೆಂಟ್‌ಗಳಾದ ವಿಟಮಿನ್ ಸಿ, ಇ ಕೊಟ್ಟರೆ ಸರಿಹೋಗಬೇಕು ಅಲ್ವಾ? ಡಾಕ್ಟರನ್ನು ಕೇಳಿದೆ. ಅದಕ್ಕೆ ಗಟ್ಟಿ ಆಧಾರವಿಲ್ಲ, ಸುಮ್ನೆ ನೀವೇ ಶುರು ಮಾಡಬೇಡಿ ಅಂದರು. ನಾನು ಕೊಟ್ಟಿಲ್ಲ. ಆದರೆ ಯಾಕೆ ಕೆಲಸ ಮಾಡಲ್ಲ ಅನ್ನೋದು ತಲೆಗೆ ಹೋಗುತ್ತಿಲ್ಲ. ಹೊರಗಿನ ವಿಟಮಿನ್ ಆ ಜಾಗ ಮುಟ್ಟುವುದೇ ಇಲ್ಲವೋ? ಅಥವಾ ಗೋಡೆ ಒಮ್ಮೆ ದಪ್ಪವಾದ ಮೇಲೆ ಕಾಲ ಮೀರಿತೋ?

ಈ ವಿಷಯ ಓದಿದವರು, ಚಿಕಿತ್ಸೆ ಕೊಡುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ: ಈ ಕಾಯಿಲೆಯಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ ಮೊದಲು ಬರುತ್ತದೋ, ಒತ್ತಡ ಏರಿದ ಮೇಲೆ ಬರುತ್ತದೋ? ಮೊದಲೇ ಬರುವುದಾದರೆ, ಆಂಟಿಆಕ್ಸಿಡೆಂಟ್ ಮಾತ್ರೆ ಯಾಕೆ ಸಾಲುವುದಿಲ್ಲ?