ನಕ್ಷೆಯಲ್ಲಿ ಹೆಸರಿಲ್ಲದ ವೇಲ್ಸ್ ಬೆಟ್ಟಕ್ಕೆ ಊರವರ ಹೆಸರು ಹುಡುಕುವುದು ಹೇಗೆ?

ಗುಡ್ಡದಂಚು:
ವೇಲ್ಸ್ ಬೆಟ್ಟಗಳ ಪಟ್ಟಿಗಳಲ್ಲಿ ಎಷ್ಟೋ ಶಿಖರಗಳಿಗೆ ಸ್ವಂತ ಹೆಸರೇ ಇಲ್ಲ. ‘ಪಾಯಿಂಟ್’ ಎಂದು ಬರೆದು ಮುಂದೆ ಎತ್ತರ ಹಾಕಿರುತ್ತಾರೆ, ಇಲ್ಲವೇ ಕೆಳಗಿನ ಯಾವುದೋ ಮನೆಯ ಹೆಸರನ್ನು ಎತ್ತಿ ಶಿಖರಕ್ಕೆ ಅಂಟಿಸಿರುತ್ತಾರೆ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ 1:25,000 ನಕ್ಷೆಯಲ್ಲೂ ಬರೀ ಅಂಕಿ. ಅಲ್ಲಿ ಕುರಿ ಮೇಯಿಸುವವರು ಆ ಜಾಗವನ್ನು ಏನೆಂದು ಕರೆಯುತ್ತಾರೆ ಎಂದು ತಿಳಿಯಲು ಎಲ್ಲಿಂದ ಶುರು ಮಾಡಬೇಕು? ಟೈದ್ ನಕ್ಷೆಯಲ್ಲಿ, ಅಂದರೆ ಚರ್ಚಿನ ಪಾಲಿನ ಲೆಕ್ಕಕ್ಕೆ ಮಾಡಿದ ಹಳೆಯ ಜಮೀನು ನಕ್ಷೆಯಲ್ಲಿ, ಸಿಕ್ಕ ಹೆಸರು ಶಿಖರದ್ದೇ ಎಂದು ನಂಬಬಹುದೇ? ವೆಲ್ಷ್ ಓದಲು ತಕ್ಕಮಟ್ಟಿಗೆ ಬರುತ್ತದೆ, ವ್ಯಾಕರಣ ಅಷ್ಟಕ್ಕಷ್ಟೆ.

ನಕ್ಷೆಪೆಟ್ಟಿಗೆ:
ಮೊದಲು ಮೈಲಿಗೆ ಆರು ಇಂಚಿನ ಹಳೆಯ ಸರ್ವೆ ನಕ್ಷೆ ತೆಗೆಯಿರಿ, ಅಂದರೆ 1:10,560. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ವೇಲ್ಸ್‌ನ ಹಾಳೆಗಳೂ ಉಚಿತವಾಗಿ ಸಿಗುತ್ತವೆ. ಅವನ್ನು ಉಪಗ್ರಹ ಚಿತ್ರದ ಮೇಲೆ ಹೊದಿಸಿ ನೋಡಬಹುದು. ಇಪ್ಪತ್ತೈದು ಇಂಚಿನ ನಕ್ಷೆಗೆ ಹೋಗಬೇಡಿ, ಸಾಗುವಳಿ ಇಲ್ಲದ ಬೆಟ್ಟದ ಭಾಗಕ್ಕೆ ಅದನ್ನು ಪ್ರಕಟಿಸಿಯೇ ಇಲ್ಲ. 19ನೇ ಶತಮಾನದ ಮೊದಲ ಆವೃತ್ತಿ, 1900ರ ಆಸುಪಾಸಿನ ಎರಡನೆಯದು, ಎರಡನ್ನೂ ಪಕ್ಕಪಕ್ಕ ಇಡಿ. ಮೊದಲನೆಯದರಲ್ಲಿ ಇಳಿಜಾರಿನ ಮೇಲಿದ್ದ ಹೆಸರು ಮುಂದಿನದರಲ್ಲಿ ಸರಿದು ಪಕ್ಕದ ದಿಬ್ಬದ ಮೇಲೆ ಕೂತಿರಬಹುದು. ಅಕ್ಷರಗಳ ನಡುವಿನ ಅಂತರವನ್ನೂ ಗಮನಿಸಿ. ಬಿಡಿಬಿಡಿಯಾಗಿ ಹರಡಿದ್ದರೆ ಹೆಸರು ಇಡೀ ಏಣಿನದ್ದು, ಒತ್ತಾಗಿದ್ದರೆ ಒಂದು ಬಂಡೆಯದ್ದೋ ದಿಬ್ಬದ್ದೋ. ಯಾವ ಹೆಸರನ್ನು ಯಾರು ಹೇಳಿದರು ಎಂದು ಸರ್ವೆಯವರು ಬರೆದಿಟ್ಟಿದ್ದ ಪುಸ್ತಕಗಳಲ್ಲಿ ಬಹುಪಾಲು 1940ರಲ್ಲಿ ಸೌತಾಂಪ್ಟನ್ ಮೇಲೆ ಬಾಂಬ್ ಬಿದ್ದಾಗ ಸುಟ್ಟುಹೋದವು. ಸ್ಕಾಟ್ಲೆಂಡಿನವು ಉಳಿದವು. ವೇಲ್ಸ್‌ನಲ್ಲಿ ಈ ಕೆಲಸ ಇಷ್ಟು ಕಷ್ಟವಾಗಿರುವುದಕ್ಕೆ ಅದೂ ಒಂದು ಕಾರಣ.

ಇನ್ನು ಟೈದ್ ನಕ್ಷೆ. ಬೆಳೆಯ ಹತ್ತನೇ ಒಂದು ಪಾಲನ್ನು ಚರ್ಚಿಗೆ ಕೊಡುತ್ತಿದ್ದ ಪದ್ಧತಿಯನ್ನು ಹಣದ ಪಾವತಿಗೆ ಬದಲಿಸಲು 1836ರಲ್ಲಿ ಕಾಯ್ದೆ ಬಂತು, ಈ ನಕ್ಷೆಗಳು ಅದರ ಫಲ. ಅಬೆರಿಸ್ಟ್‌ವಿತ್‌ನಲ್ಲಿರುವ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯ ಎಲ್ಲವನ್ನೂ ಆನ್‌ಲೈನ್‌ಗೆ ತಂದಿದೆ. ನಕ್ಷೆಯ ಮೇಲೆ ಸಾಮಾನ್ಯವಾಗಿ ಪ್ಲಾಟ್ ನಂಬರ್ ಅಷ್ಟೇ ಇರುತ್ತದೆ. ಹೆಸರು ಸಿಗುವುದು ಜೊತೆಗಿನ ಪಟ್ಟಿಯಲ್ಲಿ: ಒಡೆಯ, ಗೇಣಿದಾರ, ನಂಬರ್, ಜಮೀನಿನ ಹೆಸರು, ಸಾಗುವಳಿಯ ಬಗೆ, ವಿಸ್ತೀರ್ಣ. ವಿಸ್ತೀರ್ಣ ಎಕರೆ, ರೂಡ್, ಪರ್ಚ್‌ನಲ್ಲಿರುತ್ತದೆ (40 ಪರ್ಚ್‌ಗೆ ಒಂದು ರೂಡ್, 4 ರೂಡ್‌ಗೆ ಒಂದು ಎಕರೆ). ಇಂದಿನ ನಕ್ಷೆಯಲ್ಲಿ ಆ ತುಂಡನ್ನು ಅಳೆದು ಲೆಕ್ಕ ತಾಳೆಯಾಗುತ್ತದೋ ನೋಡಿ. ಆಗದಿದ್ದರೆ ನಂಬರ್ ತಪ್ಪಾಗಿ ಓದಿದ್ದೀರಿ. 1 ಮತ್ತು 7, 3 ಮತ್ತು 8 ಸದಾ ಕೈಕೊಡುತ್ತವೆ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಇಲ್ಲ, ನಂಬಬಾರದು. ಪಟ್ಟಿ ಬರೆದವರಿಗೆ ಬೇಕಿದ್ದದ್ದು ತೆರಿಗೆ ಕಟ್ಟುವ ಭೂಮಿಯ ಗಡಿ, ಶಿಖರವಲ್ಲ. ನೆತ್ತಿಯ ದೊಡ್ಡ ಪ್ಲಾಟಿಗೆ ಎಷ್ಟೋ ಸಲ ‘ಕುರಿ ಮೇವು’ ಎಂದಷ್ಟೇ ಬರೆದು ಮುಗಿಸಿರುತ್ತಾರೆ. ಆದರೆ ಅದಕ್ಕೆ ತಾಗಿಕೊಂಡ ಸಣ್ಣ ಪ್ಲಾಟುಗಳನ್ನು ಬಿಡಬೇಡಿ, ಅದರಲ್ಲೂ ‘ಫ್ರೀದ್’ಗಳನ್ನು, ಅಂದರೆ ಬೇಲಿಯೊಳಗಿನ ಹೊಲಕ್ಕೂ ತೆರೆದ ಬೆಟ್ಟಕ್ಕೂ ನಡುವಿನ ಮೇವಿನ ಜಮೀನನ್ನು. ಒಂದು ಹೊಲದ ಹೆಸರು ‘ಕಾಯ್ ದಾನ್ ಅ ಗ್ರೈಗ್’, ಅಂದರೆ ಬಂಡೆಯ ಕೆಳಗಿನ ಹೊಲ ಎಂದಿದ್ದರೆ ಅದರ ಮೇಲ್ಗಡೆ ‘ಅ ಗ್ರೈಗ್’ ಎಂದು ಕರೆಸಿಕೊಳ್ಳುವ ಬಂಡೆಯೊಂದು ಇರಲೇಬೇಕು. ಮೇಲಿನ ಹೆಸರು ಕೆಳಗಿನ ಹೊಲದಲ್ಲಿ ಉಳಿದುಕೊಂಡಿರುತ್ತದೆ.

ಪದಬೇಟೆ:
ಹುಡುಕಾಟದ ಪೆಟ್ಟಿಗೆಯಲ್ಲಿ ಒಂದೇ ರೂಪ ಹಾಕಿದರೆ ಅರ್ಧ ದಾಖಲೆ ತಪ್ಪಿಹೋಗುತ್ತದೆ. ವೆಲ್ಷ್‌ನಲ್ಲಿ ಪದದ ಮೊದಲ ವ್ಯಂಜನವೇ ಬದಲಾಗುತ್ತದೆ. ಸ್ತ್ರೀಲಿಂಗದ ನಾಮಪದಕ್ಕೆ ಮುಂದೆ ‘ಅ’ ಎಂಬ ಉಪಪದ ಬಂದರೆ ಮೊಯ್ಲ್ (ಬೋಳು ಬೆಟ್ಟ) ಹೋಗಿ ವೊಯ್ಲ್, ಕ್ರೈಗ್ (ಬಂಡೆ) ಹೋಗಿ ಗ್ರೈಗ್, ಬಾನ್ (ಶಿಖರ) ಹೋಗಿ ವಾನ್, ಕಾರ್ನೆದ್ (ಕಲ್ಲುಗುಪ್ಪೆ) ಹೋಗಿ ಗಾರ್ನೆದ್. ಗ್ವೈನ್‌ನಂಥ (ಬೆಟ್ಟದ ಹುಲ್ಲುಬಯಲು) ಪದದಲ್ಲಿ ‘ಗ’ ಪೂರ್ತಿ ಬಿದ್ದು ವೈನ್ ಉಳಿಯುತ್ತದೆ. ಕಾಲ ಕಳೆದಂತೆ ಉಪಪದವೂ ಉದುರಿ, ಬದಲಾದ ರೂಪ ಮಾತ್ರ ನಕ್ಷೆಯಲ್ಲಿ ನಿಂತಿರುತ್ತದೆ.

ಇದರ ಮೇಲೆ ಇಂಗ್ಲಿಷ್ ಗುಮಾಸ್ತರ ಕಾಗುಣಿತ. ವೆಲ್ಷ್‌ನಲ್ಲಿ ಒಂಟಿ ಎಫ್ ಎಂದರೆ ‘ವ’, ಜೋಡಿ ಎಫ್ ಎಂದರೆ ‘ಫ’. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದದ್ದರಿಂದ ವೊಯ್ಲ್, ವಾನ್ ಎರಡೂ ಇಂಗ್ಲಿಷ್ ವಿ ಅಕ್ಷರದಿಂದ ಶುರುವಾಗಿರುವುದುಂಟು. ಫ್ರೀದ್‌ನ ಕೊನೆಯ ಜೋಡಿ ಡಿ ಬದಲು ಟಿಎಚ್ ಇರುತ್ತದೆ. ಆದ್ದರಿಂದ ಮೊದಲ ಅಕ್ಷರ ಬಿಟ್ಟು ಒಡಲು ಮಾತ್ರ ಹುಡುಕಿ. ಮೊಯ್ಲ್‌ಗೆ ಓ-ಇ-ಎಲ್ ಸಾಕು. ಆಡುಮಾತನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ: ಬರಹದ ‘ಕಾಡೈರ್’ ಬಾಯಲ್ಲಿ ಕಾಡೆರ್ ಆಗುತ್ತದೆ. ಕಾಡೈರ್ ಇದ್ರಿಸ್ ಬೆಟ್ಟದ ಹೆಸರು ನಕ್ಷೆಗಳಲ್ಲಿ ಎರಡೂ ಬಗೆಯಲ್ಲಿ ಕಾಣುವುದು ಅದಕ್ಕೇ.

ಸಂಗ್ರಹಗಳಲ್ಲಿ ಎರಡು ಮುಖ್ಯ. ಬ್ಯಾಂಗರ್ ವಿಶ್ವವಿದ್ಯಾಲಯದ ಮೆಲ್ವಿಲ್ ರಿಚರ್ಡ್ಸ್ ಸಂಗ್ರಹದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಚೀಟಿಗಳಿವೆ, ಹಳೆಯ ಕಾಗುಣಿತ ಮತ್ತು ಇಸವಿ ಸಮೇತ. ಇನ್ನೊಂದು ವೇಲ್ಸ್‌ನ ಐತಿಹಾಸಿಕ ಸ್ಥಳನಾಮಗಳ ಪಟ್ಟಿ. 2016ರ ಕಾಯ್ದೆಯಂತೆ ರೂಪುಗೊಂಡು 2017ರಲ್ಲಿ ಸಾರ್ವಜನಿಕರಿಗೆ ತೆರೆದದ್ದು, ಹಳೆಯ ನಕ್ಷೆಗಳಲ್ಲಿ ಇದ್ದ ರೂಪಗಳನ್ನು ಇದ್ದ ಹಾಗೆ ಕೊಡುತ್ತದೆ.

ಕುರಿದಾರಿ:
ಕಾಗದ ಎಷ್ಟೇ ಇರಲಿ, ಕೊನೆಗೆ ಆ ಭೂಮಿಯಲ್ಲಿ ದುಡಿಯುವವರ ಬಾಯಿಂದಲೇ ಕೇಳಬೇಕು. ಕೇಳುವ ಕ್ರಮದಲ್ಲೇ ಕೆಲಸ ಕೆಡುವುದು ಹೆಚ್ಚು. ‘ಇದು ಮೊಯ್ಲ್ ಗೋಖ್ ಅಲ್ಲವೇ?’ ಎಂದರೆ ಮರ್ಯಾದೆಗೆ ಹೌದು ಎನ್ನುತ್ತಾರೆ, ಆ ಸಾಕ್ಷ್ಯ ಅಲ್ಲಿಗೆ ಕೆಟ್ಟಿತು. ನಕ್ಷೆ ಮಡಿಸಿಟ್ಟು, ಬೆಟ್ಟದತ್ತ ಕೈ ತೋರಿಸಿ, ‘ಬೆತ್ ಯೂ ಎನೂರ್ ಬ್ರಿನ್?’ ಎಂದಷ್ಟೇ ಕೇಳಿ, ಈ ಗುಡ್ಡದ ಹೆಸರೇನು ಎಂದು. ಉತ್ತರ ಬಂದ ಮೇಲೆ ಆ ಹೆಸರು ಎಲ್ಲಿಂದ ಎಲ್ಲಿವರೆಗೆ ಎಂದು ಕೇಳಿ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಕುರಿ ಕೂಡಿಸುವವರಿಗೆ ಇಳಿಜಾರು, ನೀರು, ಬೇಲಿಯ ಮೂಲೆ ಮುಖ್ಯ. ನೆತ್ತಿಗೆ ಬೇರೆ ಹೆಸರೇ ಇರದೆ ಇಡೀ ಮೇವಿನ ಬಯಲಿಗೆ ಒಂದೇ ಹೆಸರು ಇರಬಹುದು.

ಯಾರನ್ನು ಕೇಳಬೇಕು ಎಂದು ತಿಳಿಯದಿದ್ದರೆ, ಬೆಟ್ಟ ಸಾಮೂಹಿಕ ಗೋಮಾಳವಾಗಿದ್ದಲ್ಲಿ, ಕೌಂಟಿ ಕೌನ್ಸಿಲ್‌ನಲ್ಲಿ 1965ರ ಕಾಯ್ದೆಯ ನೋಂದಣಿ ಪುಸ್ತಕ ಇರುತ್ತದೆ. ಯಾವ ಜಮೀನಿನವರಿಗೆ ಅಲ್ಲಿ ಎಷ್ಟು ಕುರಿ ಮೇಯಿಸುವ ಹಕ್ಕು ಎಂಬುದು ಅದರಲ್ಲಿದೆ. ಬೆಟ್ಟದ ಎರಡೂ ಮಗ್ಗುಲಿನವರನ್ನು ಬೇರೆ ಬೇರೆಯಾಗಿ ಮಾತಾಡಿಸಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಮುಂದೆ ಎತ್ತಬೇಡಿ. ಒಪ್ಪಿದರೆ ಧ್ವನಿಮುದ್ರಿಸಿ, ಕಾಗುಣಿತವನ್ನು ಆಮೇಲೆ ಸರಿಪಡಿಸಬಹುದು, ಉಚ್ಚಾರ ಕಳೆದರೆ ಮತ್ತೆ ಬರುವುದಿಲ್ಲ. ದಿನಾಂಕ, ಆರಂಕಿಯ ಗ್ರಿಡ್ ಉಲ್ಲೇಖ (ನೂರು ಮೀಟರ್ ಚೌಕ), ಹೇಳಿದವರು ಬೆಟ್ಟದ ಯಾವ ಮಗ್ಗುಲಿನವರು, ಇಷ್ಟು ಬರೆದಿಡಿ. ಅವರ ಹೆಸರು, ವಿಳಾಸವನ್ನು ಒಪ್ಪಿಗೆ ಇಲ್ಲದೆ ಎಲ್ಲೂ ಹಾಕಬೇಡಿ.

ಗುಡ್ಡದಂಚು:
ತುಂಬಾ ಉಪಕಾರವಾಯಿತು. ಎರಡು ಮಗ್ಗುಲಿನವರು ಎರಡು ಹೆಸರು ಹೇಳಿದರೆ ಯಾವುದನ್ನು ಇಟ್ಟುಕೊಳ್ಳಬೇಕು?

ನಕ್ಷೆಪೆಟ್ಟಿಗೆ:
ಎರಡನ್ನೂ. ಪಟ್ಟಿಗೆ ಒಂದೇ ಬೇಕೆಂದರೆ, ನೆತ್ತಿ ಯಾರ ಮೇವಿನೊಳಗೆ ಬರುತ್ತದೋ ಅವರ ಹೆಸರನ್ನು ಮೊದಲು ಹಾಕಿ, ಇನ್ನೊಂದನ್ನು ಪಕ್ಕದಲ್ಲೇ ಕೊಡಿ. ನಕ್ಷೆಯಲ್ಲಿ ಅಚ್ಚಾದದ್ದೆಲ್ಲ ಹಳೆಯದು ಎಂದೂ ತಿಳಿಯಬೇಡಿ. ಉತ್ತರ ವೇಲ್ಸ್‌ನ ಕಾರ್ನೆದೈ ಬೆಟ್ಟಸಾಲಿನ 926 ಮೀಟರ್‌ನ ಕಾರ್ನೆದ್ ಇಖಾವ್, ಪ್ರಚಾರಾಂದೋಲನದ ಫಲವಾಗಿ 2009ರಿಂದ ಸರ್ವೆ ನಕ್ಷೆಗಳಲ್ಲಿ ಕಾರ್ನೆದ್ ಗ್ವೆನ್‌ಲಿಯನ್ ಆಗಿದೆ.

ಪದಬೇಟೆ:
ಒಂದು ಮಾತು ಸೇರಿಸುತ್ತೇನೆ. ಇಂಗ್ಲೆಂಡ್ ಗಡಿ ಸೀಮೆಯ ರ‍್ಯಾಡ್ನರ್ ಫಾರೆಸ್ಟ್ ಎಂಬ ಬೆಟ್ಟಪ್ರದೇಶದಲ್ಲಿ ಬ್ಲ್ಯಾಕ್ ಮಿಕ್ಸೆನ್, ವಿಂಬಲ್, ಬಾಚ್ ಹಿಲ್ ಎಂಬ ಹೆಸರುಗಳೇ ನಕ್ಷೆಯಲ್ಲೂ ಬಳಕೆಯಲ್ಲೂ ಇರುವುದು. ಅಂಥವನ್ನು ‘ಮೂಲಕ್ಕೆ ಒಯ್ಯುತ್ತೇವೆ’ ಎಂದು ನಾವೇ ವೆಲ್ಷ್‌ಗೆ ಅನುವಾದಿಸಿ ಪಟ್ಟಿಗೆ ಸೇರಿಸಬಾರದು. ದಾಖಲೆಯಲ್ಲಿ ಕಂಡ ಕಾಗುಣಿತವನ್ನು ಮೊದಲ ಕಾಲಮ್‌ನಲ್ಲಿ ಇದ್ದ ಹಾಗೇ ಬರೆದು, ನೀವು ತಿದ್ದಿದ ರೂಪಕ್ಕೆ ಬೇರೆ ಕಾಲಮ್ ಇಡಿ.