ಪಟ್ಟಿಯಲ್ಲಿ ಇದೆ, ಒತ್ತಿದರೆ ಇಲ್ಲ

ಹಳೇ ಸಂಚಿಕೆ:
ನಮ್ಮ ಲೈಬ್ರರಿಯಲ್ಲಿ ಇ-ಜರ್ನಲ್ ನೋಡಿಕೊಳ್ಳುವವಳು ನಾನೊಬ್ಬಳೇ. ಮೊನ್ನೆ ಪಿಎಚ್‌ಡಿ ಹುಡುಗನೊಬ್ಬ ಸಿಟ್ಟಿನಲ್ಲೇ ಬಂದ. "ಮೇಡಂ, ಫುಲ್ ಟೆಕ್ಸ್ಟ್ ಇದೆ ಅಂತ ತೋರಿಸುತ್ತೆ, ಒತ್ತಿದ್ರೆ ದುಡ್ಡು ಕೇಳುತ್ತೆ." ಪ್ರಕಾಶಕರು ಕಳಿಸಿದ್ದ ಪಟ್ಟಿ ತೆಗೆದು ನೋಡಿದೆ. "1962ರಿಂದ ಇಂದಿನವರೆಗೆ" ಎಂದಿದೆ. ಆದರೆ ಆ ಜರ್ನಲ್ 1988ರಲ್ಲಿ ಹೆಸರು ಬದಲಿಸಿದೆ. ಪಟ್ಟಿಯಲ್ಲಿರುವುದು ಹೊಸ ಹೆಸರು, ಹೊಸ ಐಎಸ್‌ಎಸ್‌ಎನ್ (ಜರ್ನಲ್‌ನ ಗುರುತಿನ ಸಂಖ್ಯೆ) ಮಾತ್ರ. 1971ರಿಂದ 74ರವರೆಗಿನ ಸಂಚಿಕೆಗಳು ಆನ್‌ಲೈನ್‌ನಲ್ಲಿ ಇಲ್ಲವೇ ಇಲ್ಲ. ಇತ್ತೀಚಿನ ಒಂದು ವರ್ಷದ್ದು ನಮಗೆ ಸಿಗುವುದಿಲ್ಲ ಅನ್ನುವುದು ಮೂಲೆಯ ಷರಾದಲ್ಲಿದೆ. ಷರಾವನ್ನು ನಾನು ಓದಬಹುದು, ಈ ಪಟ್ಟಿ ನೋಡಿ ಓದುಗರನ್ನು ಲೇಖನಕ್ಕೆ ಕಳಿಸುವ ಲಿಂಕ್ ರಿಸಾಲ್ವರ್ ಸಾಫ್ಟ್‌ವೇರ್ ಓದುತ್ತದೆಯೇ? ಪ್ರಕಾಶಕರಿಗೆ ಏನಂತ ಬರೆಯಲಿ?

ಕ್ಯಾಟಲಾಗ್ ಕೋಣೆ:
"ಪಟ್ಟಿ ಸರಿ ಮಾಡಿ" ಅಂದರೆ ಇನ್ನೊಂದು ಬಗೆಯ ತಪ್ಪು ಪಟ್ಟಿ ಬರುತ್ತದೆ ಅಷ್ಟೇ. "ಕೆಬಾರ್ಟ್ ಪ್ರಕಾರ ಕೊಡಿ" ಎಂದು ಬರೆಯಿರಿ. ಇಂಥ ಪಟ್ಟಿ ಹೇಗಿರಬೇಕು ಅಂತ ಬ್ರಿಟನ್ನಿನ ಯುಕೆಎಸ್‌ಜಿ ಮತ್ತು ಅಮೆರಿಕದ ಮಾನಕ ಸಂಸ್ಥೆ ನೈಸೋ ಸೇರಿ 2010ರಲ್ಲಿ ತಂದ ಶಿಫಾರಸು ಅದು. 2014ರಲ್ಲಿ ಇ-ಪುಸ್ತಕ, ಎಲ್ಲರಿಗೂ ಉಚಿತವಾಗಿ ಸಿಗುವ ಓಪನ್ ಆಕ್ಸೆಸ್ ಬರಹಗಳಿಗೂ ಜಾಗ ಮಾಡಿದರು. ನಿಮ್ಮ ತೊಂದರೆಗಳಿಗೆಲ್ಲ ಅದರಲ್ಲಿ ದಾರಿಯಿದೆ. ಹಳೆ ಹೆಸರಿಗೆ ಬೇರೆ ಸಾಲು, ಅದರದೇ ಐಎಸ್‌ಎಸ್‌ಎನ್. ನಡುವೆ ಸಂಚಿಕೆಗಳಿಲ್ಲದಿದ್ದರೆ ಒಂದೇ ಹೆಸರಿಗೆ ಎರಡು ಸಾಲು. ಜರ್ನಲ್ ಈಗಲೂ ಬರುತ್ತಿದ್ದರೆ ಕೊನೆಯ ಸಂಚಿಕೆಯ ಕಾಲಂ ಖಾಲಿ ಬಿಡಬೇಕು, "ಇಂದಿನವರೆಗೆ" ಅಂತ ಬರೆಯುವ ಹಾಗೇ ಇಲ್ಲ. ನಿಮ್ಮ ಷರಾದಲ್ಲಿರುವಂಥ ಕಾಲಮಿತಿಗೆ (ಎಂಬಾರ್ಗೋ) ಸಂಕೇತವಿದೆ. ಪಿ1ವೈ ಅಂದರೆ ಇತ್ತೀಚಿನ ಒಂದು ವರ್ಷ ಬಿಟ್ಟು ಹಿಂದಿನದೆಲ್ಲ. ಆರ್1ವೈ ಅದರ ಉಲ್ಟಾ, ಇತ್ತೀಚಿನ ಒಂದು ವರ್ಷ ಮಾತ್ರ. ಇವೆರಡನ್ನು ಅದಲು ಬದಲು ಮಾಡಿದ ಫೈಲ್ ನಾನೇ ನೋಡಿದ್ದೇನೆ, ಹುಷಾರು.

ಟ್ಯಾಬ್ ಪ್ರಿಯ:
ಒಂದು ಮಾತು. ಕೆಬಾರ್ಟ್ ಫೈಲನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆಯಬೇಡಿ. ಟ್ಯಾಬ್ ಹಾಕಿ ಕಾಲಂ ಬೇರೆ ಮಾಡಿದ ಯುಟಿಎಫ್-8 ಅಕ್ಷರ ಸಂಕೇತದ ಟೆಕ್ಸ್ಟ್ ಅದು. 1975-01 ಎಂದಿರುವ ತಾರೀಖನ್ನು ಎಕ್ಸೆಲ್ ತನಗೆ ಬೇಕಾದ ಹಾಗೆ ತಿರುಚುತ್ತದೆ. ಸೇವ್ ಮಾಡಿದಿರೋ, ಮುಗೀತು. ಎಲ್ಲ ಕಾಲಂಗಳನ್ನೂ ಟೆಕ್ಸ್ಟ್ ಎಂದೇ ಇಂಪೋರ್ಟ್ ಮಾಡಿಕೊಳ್ಳಿ.

ಹಳೇ ಸಂಚಿಕೆ:
ಬರೆದೆ. "ಪಟ್ಟಿ ವೆಬ್‌ಸೈಟ್‌ನಲ್ಲೇ ಇದೆಯಲ್ಲ" ಅಂತ ಉತ್ತರ ಬಂತು! ಸುಮ್ನೆ ವಾದ ಯಾಕೆ ಅಂತ ಆ ಜರ್ನಲ್‌ನ ಒಂದು ಸಾಲನ್ನು ನಾನೇ ಮೂರು ಮಾಡಿ ಕಳಿಸಿದೆ. ಹಳೆ ಹೆಸರಲ್ಲಿ 1962-1970 ಮತ್ತು 1975-1987. ಹೊಸ ಹೆಸರಲ್ಲಿ 1988ರಿಂದ, ಕೊನೆ ಖಾಲಿ, ಪಿ1ವೈ. ನಿನ್ನೆ ಹೊಸ ಫೈಲ್ ಬಂತು. ಮೂರೂ ಸಾಲು ಸರಿಯಾಗಿವೆ. ಅವುಗಳ ಕೆಳಗಿನ ಜರ್ನಲ್‌ಗೆ ಮತ್ತೆ "ಇಂದಿನವರೆಗೆ" ಎಂದಿದೆ.